ಮುಖ ಗುರುತು ಸಿಗುವಂತೆ ಮನೆಗೆ ಸಿಸಿ ಕ್ಯಾಮರಾ ಹಾಕಿಸುವುದು

ಮನೆ ಮುಂದೆ ನಿಲ್ಲಿಸಿದ್ದ ಬೈಕ್ ಕಳುವಾದ ಮೇಲೆ ರೆಕಾರ್ಡಿಂಗ್ ತೆಗೆದು ನೋಡಿದರೆ ಎಷ್ಟೋ ಮನೆಗಳಲ್ಲಿ ಕಾಣುವುದು ಇಷ್ಟೇ: ಯಾರೋ ಬಂದ, ಹ್ಯಾಂಡಲ್ ಲಾಕ್ ಮುರಿದ, ತಳ್ಳಿಕೊಂಡು ಹೋದ. ಬಂದವನು ಯಾರು ಎಂದು ಮಾತ್ರ ಗೊತ್ತಾಗುವುದಿಲ್ಲ. ಕ್ಯಾಮರಾ ಕೆಟ್ಟಿರುವುದಿಲ್ಲ, ಕಂಪನಿಯೂ ಕಳಪೆಯಾಗಿರುವುದಿಲ್ಲ. ಮೊದಲ ಮಹಡಿಯ ಸಜ್ಜಾಕ್ಕೆ ಕೂರಿಸಿ, ಇಡೀ ರಸ್ತೆ ಕಾಣಲಿ ಅಂತ ತಿರುಗಿಸಿಟ್ಟಿರುತ್ತಾರೆ. ಅಲ್ಲಿಂದ ನೆತ್ತಿ, ಟೋಪಿ, ಹೆಲ್ಮೆಟ್ ಬಿಟ್ಟು ಬೇರೇನೂ ಸಿಗುವ ಹಾಗೇ ಇಲ್ಲ. ಬರುವವನ ಮುಖವನ್ನು ಯಾವ ಜಾಗದಲ್ಲಿ, ಎಷ್ಟು ಅಡಿ ದೂರದಿಂದ ಹಿಡಿಯಬೇಕು ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಬ್ರ್ಯಾಂಡು, ಮೆಗಾಪಿಕ್ಸೆಲ್ ಎಲ್ಲ ಆಮೇಲೆ.

ಇಲ್ಲಿ ಉದಾಹರಣೆಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಕಾಣುವ 30x40 ಸೈಟಿನ ಮನೆಯನ್ನು ಇಟ್ಟುಕೊಳ್ಳೋಣ. ಮುಂದೆ ಗೇಟು, ಪೋರ್ಟಿಕೋದಲ್ಲಿ ಗಾಡಿ, ಪಕ್ಕದಲ್ಲಿ ಮೂರಡಿ ಓಣಿ, ಹಿಂದೆ ಪಾತ್ರೆ ತೊಳೆಯುವ ಯುಟಿಲಿಟಿ, ಹೊರಗಿನಿಂದಲೇ ಹತ್ತುವ ಮೆಟ್ಟಿಲು, ಮೇಲೆ ಬಾಡಿಗೆಯವರು. ಇಂಥ ಮನೆಗೆ ನಾಲ್ಕು ಕ್ಯಾಮರಾ ಸಾಕು.

ಲೆನ್ಸಿನ ಲೆಕ್ಕ

ಐಇಸಿ 62676-4 ಎಂಬ ಸಿಸಿ ಕ್ಯಾಮರಾಗಳ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯ ಪ್ರಕಾರ, ಅಪರಿಚಿತನ ಮುಖವನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಗುರುತಿಸಬೇಕಾದರೆ ಆತ ನಿಂತ ಜಾಗದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ (ಚಿತ್ರವನ್ನು ಕಟ್ಟುವ ಚುಕ್ಕಿ) ಇರಬೇಕು. ಪರಿಚಯದವರನ್ನು 'ಇವನೇ' ಎನ್ನಲು 125 ಸಾಕು. ಯಾರೋ ಇದ್ದಾರೆ ಎಂದು ತಿಳಿಯಲು 25 ಸಾಕು.

2 ಮೆಗಾಪಿಕ್ಸೆಲ್ ಕ್ಯಾಮರಾದ ಚಿತ್ರ ಅಡ್ಡಕ್ಕೆ 1920 ಪಿಕ್ಸೆಲ್. ಅದನ್ನು 250ರಿಂದ ಭಾಗಿಸಿದರೆ 7.7 ಮೀಟರ್. ಅಂದರೆ ಚಿತ್ರದ ಅಗಲ 7.7 ಮೀಟರ್ ದಾಟಿತೋ, ಮುಖದ ಗುರುತು ಕೈತಪ್ಪಿತು. ಅಂಗಡಿಯವರು ಸಾಮಾನ್ಯವಾಗಿ ಕೊಡುವ 2.8 ಎಂಎಂ ಲೆನ್ಸ್ ಸುಮಾರು 105 ಡಿಗ್ರಿ ಅಗಲ ನೋಡುತ್ತದೆ. ಅದರಲ್ಲಿ ಮೂರೇ ಮೀಟರ್ ದೂರಕ್ಕೆ ಈ ಮಿತಿ ಮುಗಿಯುತ್ತದೆ. 3.6 ಎಂಎಂ ಲೆನ್ಸಿಗೆ ನಾಲ್ಕು ಮೀಟರ್ ಚಿಲ್ಲರೆ. 6 ಎಂಎಂ ಲೆನ್ಸ್ ಸುಮಾರು 52 ಡಿಗ್ರಿ ಮಾತ್ರ ನೋಡುತ್ತದಾದರೂ ಎಂಟು ಮೀಟರ್ ದೂರದ ಮುಖ ಕೊಡುತ್ತದೆ. ಇನ್ನು 2.8 ಎಂಎಂ ಲೆನ್ಸನ್ನೇ ಇಟ್ಟುಕೊಂಡು 2ರಿಂದ 4 ಮೆಗಾಪಿಕ್ಸೆಲ್‌ಗೆ ಏರಿದರೆ ಸಿಗುವ ಲಾಭ ಒಂದು ಮೀಟರ್ ಕೂಡ ಇಲ್ಲ, ಮೂರು ಇದ್ದದ್ದು ನಾಲ್ಕರ ಹತ್ತಿರ ಬರುತ್ತದೆ. ದುಡ್ಡು ಜಾಸ್ತಿ ಕೊಟ್ಟು ಮೆಗಾಪಿಕ್ಸೆಲ್ ಕೊಳ್ಳುವುದಕ್ಕಿಂತ ಗೇಟಿನ ಕ್ಯಾಮರಾಕ್ಕೆ 6 ಎಂಎಂ ಲೆನ್ಸ್ ಕೇಳುವುದು ಬುದ್ಧಿವಂತಿಕೆ. ಅಂಗಡಿಯಲ್ಲಿ ಸ್ಟಾಕ್ ಇರುವುದಿಲ್ಲ, ಎರಡು ದಿನ ಕಾಯಿಸುತ್ತಾರೆ. ಕಾಯಿರಿ.

ಎತ್ತರವೂ ಇಷ್ಟೇ ಮುಖ್ಯ. ಮುಖ ನೆಲದಿಂದ ಸುಮಾರು 1.6 ಮೀಟರ್ ಮೇಲಿರುತ್ತದೆ. ಕ್ಯಾಮರಾ 9 ಅಡಿ ಎತ್ತರದಲ್ಲಿದ್ದು ವ್ಯಕ್ತಿ ಮೂರು ಮೀಟರ್ ದೂರದಲ್ಲಿದ್ದರೆ ನೋಟ ಸುಮಾರು 20 ಡಿಗ್ರಿ ಕೆಳಕ್ಕೆ ಬಾಗಿರುತ್ತದೆ. ಮುಖ ಚೆನ್ನಾಗಿ ಸಿಗುತ್ತದೆ. ಅದೇ 14 ಅಡಿಗೆ ಏರಿಸಿದರೆ 40 ಡಿಗ್ರಿ ದಾಟುತ್ತದೆ, ಟೋಪಿ ಹಾಕಿದವನ ಮೂಗೂ ಕಾಣುವುದಿಲ್ಲ. ಎಂಟರಿಂದ ಒಂಬತ್ತು ಅಡಿ ಸರಿಯಾದ ಎತ್ತರ. ಕೈಗೆಟುಕಿ ಕಿತ್ತುಬಿಡುತ್ತಾರೆ ಎಂಬ ಭಯವಿದ್ದರೆ ಎತ್ತರ ಹೆಚ್ಚಿಸುವ ಬದಲು ಒಂದು ಕ್ಯಾಮರಾ ಇನ್ನೊಂದನ್ನು ನೋಡುವ ಹಾಗೆ ಕೂರಿಸಿ. ಕೀಳಲು ಬಂದವನ ಮುಖ ಆಗ ಎರಡನೆಯದರಲ್ಲಿ ದಾಖಲಾಗುತ್ತದೆ.

ನಾಲ್ಕು ಕ್ಯಾಮರಾ ಎಲ್ಲೆಲ್ಲಿ

ಮೊದಲನೆಯದು ಪೋರ್ಟಿಕೋದ ಒಳಗಿನಿಂದ ಗೇಟನ್ನು ನೋಡಬೇಕು. ಗೇಟಿನ ಚಿಲಕ ತೆಗೆಯಲು ಯಾರೇ ಬಂದರೂ ಒಂದು ಕ್ಷಣ ನಿಲ್ಲಲೇಬೇಕು, ಆ ಒಂದು ಜಾಗಕ್ಕೆ ಲೆನ್ಸ್ ಗುರಿ ಇರಲಿ. ರಸ್ತೆಯ ಆಚೆ ಬದಿಯ ಮನೆ ಕಾಣಬೇಕಾಗಿಲ್ಲ.

ಎರಡನೆಯದು ಮುಂಬಾಗಿಲು. ನಮ್ಮಲ್ಲಿ ಪೂರ್ವಕ್ಕೆ ಬಾಗಿಲಿಡುವವರು ಹೆಚ್ಚು. ಹಾಲ್ ಒಳಗಿನಿಂದ ಬಾಗಿಲ ಕಡೆ ತಿರುಗಿಸಿದ ಕ್ಯಾಮರಾಕ್ಕೆ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಬಿಸಿಲು ಎದುರಾಗಿ, ಬಂದವರೆಲ್ಲ ಕಪ್ಪು ನೆರಳಾಗಿ ಕಾಣುತ್ತಾರೆ. ಇಂಥ ಕಡೆ 120 ಡಿಬಿ ಡಬ್ಲ್ಯುಡಿಆರ್ (ಬಿಸಿಲು, ನೆರಳು ಎರಡನ್ನೂ ಸರಿದೂಗಿಸುವ ಸೌಲಭ್ಯ) ಇರುವ ಮಾದರಿಯನ್ನೇ ಕೊಳ್ಳಿ. ಬಾಕ್ಸ್ ಮೇಲೆ ಬರೀ 'ಡಿಜಿಟಲ್ ಡಬ್ಲ್ಯುಡಿಆರ್' ಎಂದಿದ್ದರೆ ಅದು ಚಿತ್ರವನ್ನು ಬೆಳ್ಳಗೆ ಮಾಡುವ ಸಾಫ್ಟ್‌ವೇರ್ ಅಷ್ಟೇ. ಇದಕ್ಕಿಂತ ಒಳ್ಳೆಯದು ಕ್ಯಾಮರಾವನ್ನು ಬಾಗಿಲ ಹೊರಗೆ ಪಕ್ಕದ ಗೋಡೆಗೆ ಹಾಕಿ, ಹೊಸ್ತಿಲ ಮುಂದೆ ನಿಂತವರನ್ನು ಓರೆಯಾಗಿ ಹಿಡಿಯುವುದು.

ಮೂರನೆಯದು ಪಕ್ಕದ ಓಣಿ ಮತ್ತು ಹಿಂಬಾಗಿಲು. ಜನ ಹೆಚ್ಚಾಗಿ ಬಿಟ್ಟುಬಿಡುವ ಜಾಗ ಇದು. ಯುಟಿಲಿಟಿಯ ಗ್ರಿಲ್ ರಸ್ತೆಗೆ ಕಾಣುವುದಿಲ್ಲ, ಅಲ್ಲಿ ನಿಧಾನವಾಗಿ ಕೆಲಸ ಮಾಡಬಹುದು. ಓಣಿ ಉದ್ದ, ಅಗಲ ಕಮ್ಮಿ, ಆದ್ದರಿಂದ ಇಲ್ಲಿಯೂ 6 ಎಂಎಂ ಅಥವಾ ಕನಿಷ್ಠ 3.6 ಎಂಎಂ ಬೇಕು. ಐಪಿ ಕ್ಯಾಮರಾ (ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವಂಥದ್ದು) ಆದರೆ ಚಿತ್ರವನ್ನು 90 ಡಿಗ್ರಿ ತಿರುಗಿಸುವ 'ಕಾರಿಡಾರ್ ಮೋಡ್' ಇದೆಯೇ ನೋಡಿ. ನಾಲ್ಕನೆಯದು ಹೊರ ಮೆಟ್ಟಿಲಿನ ತಿರುವಿಗೆ: ತಾರಸಿಗೆ ಹೋಗುವವರೂ ಮೇಲಿನ ಮನೆಗೆ ಹೋಗುವವರೂ ಅಲ್ಲೇ ಹಾಯಬೇಕು.

ಹೊರಗೆ ಕೊಳವೆಯಂಥ ಬುಲೆಟ್ ಮಾದರಿ ಹಾಕಿ, ಅರ್ಧಗೋಳದಂಥ ಡೋಮ್ ಬೇಡ. ಡೋಮ್‌ನ ಪ್ಲಾಸ್ಟಿಕ್ ಬುರುಡೆ ಮೇಲೆ ಧೂಳು, ಮಳೆಹನಿ ಕೂತಾಗ ಅದರದೇ ಇನ್‌ಫ್ರಾರೆಡ್ ಬೆಳಕು ಒಳಗೇ ಪ್ರತಿಫಲಿಸಿ ರಾತ್ರಿ ಚಿತ್ರ ಮಂಜಾಗುತ್ತದೆ. ಧೂಳು, ನೀರು ತಡೆಯುವ ಕನಿಷ್ಠ ಐಪಿ66 ಅಥವಾ ಐಪಿ67 ರೇಟಿಂಗ್ ಇರಲಿ.

ವಾಹನದ ನಂಬರ್ ಪ್ಲೇಟ್ ಬೇಕು ಎನ್ನುವವರು ಅದಕ್ಕೇ ಬೇರೆ ಕ್ಯಾಮರಾ ಇಡಬೇಕಾಗುತ್ತದೆ. ಈಗಿನ ಎಚ್‌ಎಸ್‌ಆರ್‌ಪಿ ಪ್ಲೇಟು ಬೆಳಕನ್ನು ಬಂದ ದಿಕ್ಕಿಗೇ ವಾಪಸು ಎಸೆಯುತ್ತದೆ, ರಾತ್ರಿ ಬರೀ ಬಿಳಿ ಚೌಕವಾಗಿ ಕಾಣುತ್ತದೆ. ಷಟರ್ ವೇಗವನ್ನು 1/500 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಮಾಡಿದರೆ ಅಂಕಿಗಳು ಸಿಗುತ್ತವೆ. ಆದರೆ ಆ ಕ್ಯಾಮರಾದಲ್ಲಿ ಬೇರೆಲ್ಲ ಕತ್ತಲಾಗುತ್ತದೆ.

ವೈರೋ, ವೈಫೈಯೋ

ಕಟ್ಟುತ್ತಿರುವ ಮನೆಯಾದರೆ ಯೋಚಿಸುವುದೇ ಬೇಡ. ಪ್ಲಾಸ್ಟರಿಂಗ್‌ಗೆ ಮುಂಚೆ ಪ್ರತಿ ಕ್ಯಾಮರಾ ಜಾಗಕ್ಕೂ 25 ಎಂಎಂ ಪೈಪ್ ಹಾಕಿಸಿ, ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆಸಿ, ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವಂಥದ್ದು) ಮತ್ತು ಎನ್‌ವಿಆರ್ (ಐಪಿ ಕ್ಯಾಮರಾಗಳ ರೆಕಾರ್ಡರ್) ಇಡಿಸಿ. ಒಂದೇ ಕೇಬಲ್‌ನಲ್ಲಿ ಕರೆಂಟೂ ವೀಡಿಯೋವೂ ಹೋಗುತ್ತವೆ, 100 ಮೀಟರ್ ತನಕ ತೊಂದರೆಯಿಲ್ಲ. ಪ್ರತಿ ಪೋರ್ಟಿಗೆ 802.3ಎಎಫ್ ಎಂಬ ಪಿಒಇ ಮಾನದಂಡದ ಲೆಕ್ಕದಲ್ಲಿ 15.4 ವ್ಯಾಟ್ ಸಿಗುತ್ತದೆ, ಮನೆ ಕ್ಯಾಮರಾಕ್ಕೆ ಅಷ್ಟು ಧಾರಾಳ. ಈ ಕೇಬಲ್ಲಿಗೆ ಆರ್‌ಜೆ45 ಪ್ಲಗ್ಗಿನ ತುದಿ ಹಾಕುವಾಗ ಎರಡೂ ಕಡೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಕಟ್ಟಿ ಮುಗಿದ, ಪೈಪ್ ಇಲ್ಲದ ಸ್ವಂತ ಮನೆಗೆ ಡಿವಿಆರ್ (ಅನಲಾಗ್ ಕ್ಯಾಮರಾಗಳ ರೆಕಾರ್ಡರ್) ಮತ್ತು 3+1 ಕೇಬಲ್ (ಒಂದು ವೀಡಿಯೋ ಕೇಬಲ್, ಜೊತೆಗೆ ಮೂರು ತಂತಿ) ಇಂದಿಗೂ ಒಳ್ಳೆಯ ಆಯ್ಕೆ. ಬೆಲೆ ಕಡಿಮೆ, ರಿಪೇರಿ ಮಾಡುವವರು ಹೋಬಳಿ ಮಟ್ಟದಲ್ಲೂ ಸಿಗುತ್ತಾರೆ. ಬಾಡಿಗೆ ಮನೆಗೆ, ಫ್ಲ್ಯಾಟಿಗೆ ವೈಫೈ ಕ್ಯಾಮರಾ ಸರಿ. ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗಬಹುದು. ಆದರೆ ಬ್ಯಾಟರಿ ಇಲ್ಲದ ವೈಫೈ ಕ್ಯಾಮರಾಕ್ಕೂ ಕರೆಂಟಿನ ವೈರ್ ಬೇಕೇ ಬೇಕು ಎಂಬುದನ್ನು ಮರೆತು 'ವೈರ್‌ಲೆಸ್' ಎಂದು ಕೊಂಡು ತಂದು, ಗೇಟಿನ ಬಳಿ ಪ್ಲಗ್ ಪಾಯಿಂಟ್ ಇಲ್ಲದೆ ಪೇಚಾಡುವವರು ಬಹಳ ಮಂದಿ.

ಯಾವುದನ್ನೇ ಕೊಂಡರೂ ಬಾಕ್ಸ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ನೋಡಿ. ಕೇಂದ್ರ ಸರ್ಕಾರ 2024ರಲ್ಲಿ ಹೊರಡಿಸಿ 2025ರ ಏಪ್ರಿಲ್‌ನಿಂದ ಜಾರಿಗೆ ತಂದ ನಿಯಮದಂತೆ ಕ್ಯಾಮರಾಗಳು ಸೈಬರ್ ಭದ್ರತೆಯ ಪರೀಕ್ಷೆಯನ್ನೂ ಪಾಸಾಗಬೇಕು. ಹಳೇ ಸ್ಟಾಕನ್ನು ಅಗ್ಗಕ್ಕೆ ಕೊಡುತ್ತೇವೆ ಎಂದರೆ ಆಸೆಪಡಬೇಡಿ.

ಡಿವಿಆರ್ ಜೋಡಿಸುವುದು

ನಾಲ್ಕು ಕ್ಯಾಮರಾಕ್ಕೆ ಬೇಕಾದ ಸಾಮಾನು: 4 ಚಾನೆಲ್ ಡಿವಿಆರ್, 2 ಟಿಬಿ ಸರ್ವೇಲೆನ್ಸ್ ಹಾರ್ಡ್‌ಡಿಸ್ಕ್, 12 ವೋಲ್ಟ್ 5 ಆಂಪಿಯರ್ ಎಸ್‌ಎಂಪಿಎಸ್ (ಕ್ಯಾಮರಾಗಳಿಗೆ ಕರೆಂಟ್ ಕೊಡುವ ಪವರ್ ಸಪ್ಲೈ), 90 ಮೀಟರ್ 3+1 ಕೇಬಲ್ ಒಂದು ಕಾಯಿಲ್, 8 ಬಿಎನ್‌ಸಿ (ವೀಡಿಯೋ ಕೇಬಲ್ಲಿನ ತುದಿ), 4 ಡಿಸಿ ಪಿನ್ (ಕರೆಂಟ್ ತಂತಿಯ ತುದಿ), 4x4 ಇಂಚಿನ 4 ಪಿವಿಸಿ ಬಾಕ್ಸ್, 6 ಎಂಎಂ ಗೋಡೆ ಬಿಟ್, ಫಿಷರ್ ಪ್ಲಗ್, ಸ್ಕ್ರೂ, ಸಿಲಿಕಾನ್ ಸೀಲೆಂಟ್, ಒಂದು ಮಲ್ಟಿಮೀಟರ್. ಕ್ಯಾಮರಾ 5 ಮೆಗಾಪಿಕ್ಸೆಲ್ ಇದ್ದರೆ ಡಿವಿಆರ್ ಕೂಡ 5 ಮೆಗಾಪಿಕ್ಸೆಲ್ ಒಪ್ಪುವಂಥದ್ದೇ ಆಗಬೇಕು. 2 ಮೆಗಾಪಿಕ್ಸೆಲ್ ಡಿವಿಆರ್‌ಗೆ ಚುಚ್ಚಿದರೆ ಪರದೆ ಖಾಲಿ.

ಕೇಬಲ್ ಕೊಳ್ಳುವಾಗ ಒಳಗಿನ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಮೇಲೆ ಕೆಂಪು, ಒಳಗೆ ಬಿಳಿ ಬಂದರೆ ಅದು ತಾಮ್ರದ ಲೇಪನ ಹೊದ್ದ ಅಲ್ಯೂಮಿನಿಯಂ. ಅದರಲ್ಲಿ ವೋಲ್ಟೇಜ್ ಹೆಚ್ಚು ಸೋರುತ್ತದೆ, ಮಳೆನೀರು ತಾಗಿದ ತುದಿ ಎರಡು ವರ್ಷದಲ್ಲಿ ಪುಡಿಯಾಗುತ್ತದೆ. ಅಪ್ಪಟ ತಾಮ್ರದ್ದೇ ಆದರೂ ಲೆಕ್ಕ ಇದೆ. ಕರೆಂಟಿನ ತಂತಿ 0.2 ಚದರ ಎಂಎಂ ದಪ್ಪವಿದ್ದು ಕ್ಯಾಮರಾ 25 ಮೀಟರ್ ದೂರದಲ್ಲಿದ್ದರೆ, ಹೋಗಿ ಬರುವ 50 ಮೀಟರಿಗೆ ಸುಮಾರು 4.3 ಓಮ್ ತಡೆ. ರಾತ್ರಿ ಇನ್‌ಫ್ರಾರೆಡ್ ಹೊತ್ತಿಕೊಂಡು ಕ್ಯಾಮರಾ 0.4 ಆಂಪಿಯರ್ ಎಳೆದಾಗ 1.7 ವೋಲ್ಟ್ ದಾರಿಯಲ್ಲೇ ಹೋಗಿ, ಕ್ಯಾಮರಾ ಹತ್ತಿರ ಉಳಿಯುವುದು 10.3. ಹೀಗಾಗುವ ಕಡೆ ಆಡಿಯೋಗೆಂದು ಇರುವ ಮೂರನೇ ತಂತಿ ಬಳಕೆಯಲ್ಲಿಲ್ಲದಿದ್ದರೆ ಅದನ್ನು ಎರಡೂ ತುದಿಯಲ್ಲಿ ನೆಗೆಟಿವ್ ಜೊತೆ ಸೇರಿಸಿ. ನಷ್ಟ ಕಾಲು ಭಾಗದಷ್ಟು ಕಡಿಮೆಯಾಗುತ್ತದೆ. ಕೇಬಲ್ ನಡುವೆ ಎಲ್ಲೂ ಜಾಯಿಂಟ್ ಬೇಡ.

ಗೋಡೆ ತೂತನ್ನು ಒಳಗಿನಿಂದ ಹೊರಕ್ಕೆ ಸ್ವಲ್ಪ ಇಳಿಜಾರಾಗಿ ಕೊರೆಯಿರಿ. ಇಲ್ಲದಿದ್ದರೆ ಮಳೆಗಾಲದಲ್ಲಿ ನೀರು ಕೇಬಲ್ ಹಿಡಿದುಕೊಂಡು ಹಾಲ್‌ಗೆ ಬರುತ್ತದೆ. ಹೊರಗೆ ಬಾಕ್ಸಿಗೆ ಹೋಗುವ ಮುನ್ನ ಕೇಬಲ್ ಒಂದು ಗೇಣು ಕೆಳಗೆ ಜೋತು ಮೇಲೇರಲಿ, ಹನಿ ಅಲ್ಲೇ ಉದುರುತ್ತದೆ. ಬಿಎನ್‌ಸಿ, ಡಿಸಿ ಪಿನ್ ಎರಡೂ ಬಾಕ್ಸಿನ ಒಳಗೇ ಇರಬೇಕು. ಬರೀ ಟೇಪ್ ಸುತ್ತಿ ಹೊರಗೆ ನೇತುಬಿಡುವುದು ಎಲ್ಲೆಲ್ಲೂ ಕಾಣುವ ಕೆಟ್ಟ ಅಭ್ಯಾಸ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಅಂಥ ಪಿನ್ ಒಂದೇ ಮಳೆಗಾಲದಲ್ಲಿ ಹಸಿರುಗಟ್ಟುತ್ತದೆ. 230 ವೋಲ್ಟ್ ವೈರಿಂಗ್‌ನಿಂದ ಒಂದಡಿ ದೂರ ಇರಲಿ; ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ, ಜೊತೆಜೊತೆಗೆ ಓಡಿಸಬೇಡಿ.

ಬಿಎನ್‌ಸಿ ಹಾಕುವಾಗ ಹೊರ ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಚಿತ್ರ ಬರುವುದಿಲ್ಲ. ಜಾಲರಿಯನ್ನು ಹಿಂದಕ್ಕೆ ಮಡಚಿ, ನಡುವಿನ ತಂತಿ ಬಿಗಿಯಾದ ಮೇಲೆ ಮೆಲ್ಲಗೆ ಎಳೆದು ನೋಡಿ.

ಎಸ್‌ಎಂಪಿಎಸ್‌ಗೆ ಕೈ ಹಾಕುವ ಮುನ್ನ ಎಂಸಿಬಿ ಇಳಿಸಿ. ಎಲ್, ಎನ್, ಅರ್ಥ್ ಮೂರನ್ನೂ ಕೊಡಿ. ಅರ್ಥ್ ಬಿಟ್ಟರೆ ಡಿವಿಆರ್ ಮೈ ಮುಟ್ಟಿದಾಗ ಜುಮ್ ಎನ್ನುತ್ತದೆ, ಚಿತ್ರದಲ್ಲಿ ಗೆರೆಗಳೂ ಬರುತ್ತವೆ. ಡಿವಿಆರ್, ಎಸ್‌ಎಂಪಿಎಸ್, ರೌಟರ್, ಫೈಬರ್ ಪೆಟ್ಟಿಗೆ ನಾಲ್ಕೂ ಇನ್ವರ್ಟರ್ ಲೈನಿನಲ್ಲಿರಬೇಕು, ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲಿರಬೇಕು. ಸಾಮಾನ್ಯ ಮೋಡ್‌ನಲ್ಲಿ ಕರೆಂಟ್ ಹೋದಾಗಲೆಲ್ಲ ಡಿವಿಆರ್ ರೀಸ್ಟಾರ್ಟ್ ಆಗಿ ಒಂದೆರಡು ನಿಮಿಷದ ರೆಕಾರ್ಡಿಂಗ್ ತಪ್ಪಬಹುದು, ಡಿಸ್ಕೂ ಬೇಗ ಹಾಳಾಗುತ್ತದೆ.

ಡಿವಿಆರ್ ಟಿವಿ ಕೆಳಗೆ ಇಡಬೇಡಿ. ಒಳಗೆ ನುಗ್ಗಿದವನು ಮೊದಲು ಕಿತ್ತುಕೊಂಡು ಹೋಗುವುದೇ ಅದನ್ನು. ಮಲಗುವ ಕೋಣೆಯ ಅಟ್ಟ, ಬೀಗವಿರುವ ವಾರ್ಡ್‌ರೋಬ್ ಸರಿ, ಆದರೆ ಗಾಳಿಯಾಡಲು ಹಿಂದೆ ಒಂದು ತೂತು ಇರಲಿ. ಇದರ ಜೊತೆಗೆ ಮೆಮರಿ ಕಾರ್ಡ್ ಇರುವ ಒಂದು ವೈಫೈ ಕ್ಯಾಮರಾವನ್ನು ಹಾಲ್‌ನಲ್ಲಿ ಬೇರೆಯಾಗಿ ಇಟ್ಟು, ಅದರ ಅಲರ್ಟ್ ಫೋಟೋ ಫೋನಿಗೆ ಬರುವಂತೆ ಮಾಡಿದರೆ ಡಿವಿಆರ್ ಹೋದರೂ ಒಂದು ಸಾಕ್ಷಿ ಉಳಿಯುತ್ತದೆ.

ಸೆಟ್ಟಿಂಗ್‌ನಲ್ಲಿ ಬಿಡಬಾರದ್ದು

ಎಷ್ಟು ದಿನದ ರೆಕಾರ್ಡಿಂಗ್ ಉಳಿಯುತ್ತದೆ ಎಂಬುದು ಬಿಟ್‌ರೇಟಿನ, ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಬರೆಯುತ್ತದೆ ಎಂಬುದರ, ಲೆಕ್ಕ. ಒಂದು ಕ್ಯಾಮರಾ 2 ಎಂಬಿಪಿಎಸ್‌ನಲ್ಲಿ ದಿನಕ್ಕೆ 21.6 ಜಿಬಿ ತಿನ್ನುತ್ತದೆ. ನಾಲ್ಕಕ್ಕೆ 86 ಜಿಬಿ. 1 ಟಿಬಿ ಡಿಸ್ಕ್ 11 ದಿನಕ್ಕೆ, 2 ಟಿಬಿ 22-23 ದಿನಕ್ಕೆ ಸಾಕು. ಊರಿಗೆ ಹೋಗಿ ಎರಡು ವಾರ ಬಿಟ್ಟು ಬರುವವರಿಗೆ 1 ಟಿಬಿ ಸಾಲದು. ವೀಡಿಯೋ ಗಾತ್ರ ಕುಗ್ಗಿಸುವ ಎಚ್.265 ಆನ್ ಮಾಡಿ, ಫ್ರೇಮ್ ಸೆಕೆಂಡಿಗೆ 15ಕ್ಕೆ ಇಳಿಸಿ. ಮನೆಯ ಕೆಲಸಕ್ಕೆ 25 ಫ್ರೇಮ್ ಅನಗತ್ಯ. ಮಾಮೂಲಿ ಕಂಪ್ಯೂಟರಿನ ಡಿಸ್ಕ್ ಹಗಲೂ ರಾತ್ರಿ ಬರೆಯುವ ಕೆಲಸಕ್ಕೆ ಮಾಡಿದ್ದಲ್ಲ, ಡಬ್ಲ್ಯುಡಿ ಪರ್ಪಲ್ ಅಥವಾ ಸೀಗೇಟ್ ಸ್ಕೈಹಾಕ್ ತರಹದ್ದನ್ನೇ ಹಾಕಿ.

ಗಡಿಯಾರ ತಪ್ಪಿದ್ದರೆ ರೆಕಾರ್ಡಿಂಗ್‌ಗೆ ಬೆಲೆಯೇ ಇಲ್ಲ. ಟೈಮ್ ಝೋನ್ ಜಿಎಂಟಿ +5:30, ಇಂಟರ್ನೆಟ್‌ನಿಂದ ಸಮಯ ಸರಿಮಾಡಿಕೊಳ್ಳುವ ಎನ್‌ಟಿಪಿ ಆನ್. ವೀಡಿಯೋ ಸ್ಟ್ಯಾಂಡರ್ಡ್ ಪಾಲ್, 50 ಹರ್ಟ್ಸ್. 60ರಲ್ಲಿ ಬಿಟ್ಟರೆ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣುಕುತ್ತದೆ.

ಪಾಸ್‌ವರ್ಡ್ ವಿಷಯದಲ್ಲಿ ಉದಾಸೀನ ಬೇಡ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಜಗತ್ತಿನಾದ್ಯಂತ ಲಕ್ಷಾಂತರ ಸಾಧನಗಳನ್ನು ವಶಮಾಡಿಕೊಂಡಿತು. ಕ್ಯಾಮರಾ, ಡಿವಿಆರ್‌ಗಳೇ ಅದರಲ್ಲಿ ಹೆಚ್ಚು. ಒಳಹೊಕ್ಕಿದ್ದು ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಬಳಸಿ. ಹಾಕಿಕೊಟ್ಟ ಟೆಕ್ನಿಷಿಯನ್ ತನ್ನ ಅನುಕೂಲಕ್ಕೆ ಎಲ್ಲ ಗಿರಾಕಿಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟಿರುವುದು, ತನ್ನ ಫೋನಿನಲ್ಲಿ ನಿಮ್ಮ ಮನೆಯನ್ನು ಉಳಿಸಿಕೊಂಡಿರುವುದು ಸಾಮಾನ್ಯ. ಅವರು ಹೊರಟ ಕೂಡಲೇ ನೀವೇ ಪಾಸ್‌ವರ್ಡ್ ಬದಲಿಸಿ, ಆ್ಯಪ್‌ನಲ್ಲಿ ಯಾರ್ಯಾರಿಗೆ ಶೇರ್ ಆಗಿದೆ ನೋಡಿ, ಅಕೌಂಟ್ ನಿಮ್ಮ ಫೋನ್ ನಂಬರಿನಲ್ಲೇ ಇದೆಯೇ ಖಚಿತಪಡಿಸಿಕೊಳ್ಳಿ. ಹೊರಗಿನ ಇಂಟರ್ನೆಟ್ಟಿಗೆ ದಾರಿ ತೆರೆದಿಡುವ ಪೋರ್ಟ್ ಫಾರ್ವರ್ಡಿಂಗ್ ರೌಟರಿನಲ್ಲಿ ಬೇಡ, ಅದನ್ನು ತಾನಾಗಿ ಮಾಡುವ ಯುಪಿಎನ್‌ಪಿ ಆಫ್ ಮಾಡಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸೇರಿಸುವ ಪಿ2ಪಿ ವಿಧಾನ ಮನೆಗೆ ಸಾಕು.

ಅಲರ್ಟ್ ಆನ್ ಮಾಡುವಾಗ 'ಮನುಷ್ಯರು ಮಾತ್ರ' ಆರಿಸಿ, ಗೇಟಿನ ಒಳಭಾಗಕ್ಕಷ್ಟೇ ಗೆರೆ ಎಳೆಯಿರಿ. ರಸ್ತೆ, ತೆಂಗಿನ ಗರಿ, ಒಣಗಿಸಿದ ಬಟ್ಟೆ ಸೇರಿದರೆ ದಿನಕ್ಕೆ ನೂರಾರು ಅಲರ್ಟ್ ಬಂದು, ಮೂರನೇ ದಿನಕ್ಕೆ ನೀವೇ ನೋಟಿಫಿಕೇಷನ್ ಬಂದ್ ಮಾಡುತ್ತೀರಿ.

ಎಲ್ಲ ಮುಗಿದ ಮೇಲೆ ರಾತ್ರಿ ಒಂಬತ್ತಕ್ಕೆ ಪೋರ್ಟಿಕೋ ಲೈಟ್ ಆರಿಸಿ, ಮನೆಯವರೊಬ್ಬರನ್ನು ಗೇಟಿನಿಂದ ಹಿತ್ತಲವರೆಗೆ ನಡೆಸಿ. ಲೈವ್ ನೋಡಿ ತೃಪ್ತರಾಗಬೇಡಿ, ರೆಕಾರ್ಡಿಂಗ್ ತೆಗೆದು, ನಡುವೆ ನಿಲ್ಲಿಸಿ ಮುಖ ನೋಡಿ. ನಡೆಯುವಾಗ ಮುಖ ಕಲಸಿಹೋದರೆ ಷಟರ್ ನಿಧಾನವಿದೆ ಎಂದರ್ಥ. ಒಂದು 9 ವ್ಯಾಟ್ ಎಲ್‌ಇಡಿ ಬಲ್ಬನ್ನು ರಾತ್ರಿಯಿಡೀ ಉರಿಸುವುದು ಅದಕ್ಕೆ ಯಾವ ದುಬಾರಿ ಕ್ಯಾಮರಾಕ್ಕಿಂತಲೂ ಒಳ್ಳೆಯ ಮದ್ದು.

ವೈಫೈ ಕ್ಯಾಮರಾ, ತೋಟದ ಮನೆ

ವೈಫೈ ಕ್ಯಾಮರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಬ್ಯಾಂಡಿಗೆ ಮಾತ್ರ ಸೇರುತ್ತವೆ. ರೌಟರ್ ಎರಡೂ ಬ್ಯಾಂಡಿಗೆ ಒಂದೇ ಹೆಸರು ಇಟ್ಟಿದ್ದರೆ ಜೋಡಿಸುವಾಗ ತಡವರಿಸುತ್ತವೆ. ಜೋಡಣೆ ಮುಗಿಯುವ ತನಕ 5 ಗಿಗಾಹರ್ಟ್ಸ್ ಆಫ್ ಮಾಡಿ, ವೈಫೈ ಭದ್ರತೆ ಡಬ್ಲ್ಯುಪಿಎ3 ಇದ್ದರೆ ಡಬ್ಲ್ಯುಪಿಎ2ಗೆ ಇಳಿಸಿ. ಕ್ಯಾಮರಾ ಕೂರಿಸುವ ಜಾಗದಲ್ಲಿ ಫೋನಿನ ವೈಫೈ ಅಳೆಯುವ ಆ್ಯಪ್ -67 ಡಿಬಿಎಂಗಿಂತ ಕೆಟ್ಟದಾಗಿ (-70, -80 ಹೀಗೆ) ತೋರಿಸಿದರೆ ಅಲ್ಲಿ ಬೇಡ. ಕರಾವಳಿಯ ದಪ್ಪ ಕೆಂಪುಕಲ್ಲಿನ ಗೋಡೆ, ಕಬ್ಬಿಣದ ಬಾಗಿಲು ಸಿಗ್ನಲ್ ನುಂಗುತ್ತವೆ. ಮೆಮರಿ ಕಾರ್ಡ್ 'ಹೈ ಎಂಡ್ಯೂರೆನ್ಸ್' ಎಂದಿರುವುದೇ ಆಗಲಿ, 128 ಜಿಬಿಯಲ್ಲಿ 1.5 ಎಂಬಿಪಿಎಸ್ ಲೆಕ್ಕಕ್ಕೆ ಏಳು ದಿನ ಚಿಲ್ಲರೆ ಉಳಿಯುತ್ತದೆ.

ತೋಟದ ಮನೆಗೆ, ಅಡಿಕೆ ಒಣಗಿಸುವ ಅಂಗಳಕ್ಕೆ ಸೋಲಾರ್ 4ಜಿ ಕ್ಯಾಮರಾ ಬಂದಿವೆ. ಇವು ಸದಾ ರೆಕಾರ್ಡ್ ಮಾಡುವುದಿಲ್ಲ, ಮೈಬಿಸಿ ಗ್ರಹಿಸಿ ಎಚ್ಚರಗೊಂಡು ಕೆಲವು ಸೆಕೆಂಡು ಹಿಡಿಯುತ್ತವೆ. ಮಲೆನಾಡಿನ ಜುಲೈನಲ್ಲಿ ವಾರಗಟ್ಟಲೆ ಬಿಸಿಲು ಇರುವುದಿಲ್ಲ, ಪ್ಯಾನೆಲ್ ಮರದ ನೆರಳಿನಲ್ಲಿದ್ದರಂತೂ ಬ್ಯಾಟರಿ ಇಳಿದೇ ಇಳಿಯುತ್ತದೆ. ಮಳೆಗಾಲಕ್ಕೆ ಅಲರ್ಟ್ ಸಂವೇದನೆ ಕಡಿಮೆ ಮಾಡಿ, ಪ್ಯಾನೆಲನ್ನು ಕ್ಯಾಮರಾದಿಂದ ಬೇರೆ ಮಾಡಿ ದಕ್ಷಿಣಕ್ಕೆ ಮುಖಮಾಡಿ ಕಟ್ಟಿ.

ತೊಂದರೆ ಬಂದಾಗ

ಸಂಜೆ ಆರೂವರೆ ಆಗುತ್ತಲೇ ಒಂದು ಕ್ಯಾಮರಾ ಹೋಗಿ, ಬೆಳಗ್ಗೆ ತಾನಾಗಿ ಬರುವುದು. ಕತ್ತಲಾದಾಗ ಇನ್‌ಫ್ರಾರೆಡ್ ಹೊತ್ತಿ ಎಳೆತ ಹೆಚ್ಚುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಕ್ಯಾಮರಾ ರೀಸ್ಟಾರ್ಟ್ ಆಗುತ್ತಲೇ ಇರುತ್ತದೆ. ಹಗಲಲ್ಲಿ ಬಂದ ಟೆಕ್ನಿಷಿಯನ್‌ಗೆ ಎಲ್ಲ ಸರಿಯಾಗೇ ಕಾಣುತ್ತದೆ, ಕ್ಯಾಮರಾ ಬದಲಿಸಿ ದುಡ್ಡು ತೆಗೆದುಕೊಂಡು ಹೋಗುತ್ತಾರೆ, ಸಂಜೆಗೆ ಮತ್ತೆ ಅದೇ. ಕ್ಯಾಮರಾ ಉರಿಯುತ್ತಿರುವಾಗಲೇ ಅದರ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಲೆನ್ಸ್ ಪಕ್ಕದ ಬೆಳಕಿನ ಸೆನ್ಸರನ್ನು ಬೆರಳಿನಿಂದ ಮುಚ್ಚಿದರೆ ಹಗಲಲ್ಲೂ ರಾತ್ರಿಯ ಎಳೆತ ಬರುತ್ತದೆ. 11ಕ್ಕಿಂತ ಕೆಳಗಿದ್ದರೆ ಮೊದಲು ಡಿಸಿ ಪಿನ್ ಬದಲಿಸಿ, ಆಮೇಲೆ ಮೂರನೇ ತಂತಿ ಸೇರಿಸಿ, ಅದಕ್ಕೂ ಬಗ್ಗದಿದ್ದರೆ ಎಸ್‌ಎಂಪಿಎಸ್‌ನ ಸಣ್ಣ ತಿರುಪಿನಿಂದ 12.5ಕ್ಕೆ ಏರಿಸಿ. 13 ದಾಟಿಸಬೇಡಿ, ಹತ್ತಿರದ ಕ್ಯಾಮರಾಗಳಿಗೆ ಪೂರ್ತಿ ವೋಲ್ಟೇಜ್ ಹೋಗುತ್ತದೆ. ನಾಲ್ಕೂ ಒಟ್ಟಿಗೆ ಹೋಗುತ್ತಿದ್ದರೆ ಎಸ್‌ಎಂಪಿಎಸ್ ಸುಸ್ತಾಗಿದೆ. ಒಳಗಿನ ಕೆಪಾಸಿಟರ್ ತಲೆ ಉಬ್ಬಿರುತ್ತದೆ.

ರಾತ್ರಿ ಬಿಳಿ ಮಬ್ಬು, ಅಡ್ಡಾದಿಡ್ಡಿ ಗೆರೆ. ಜೇಡರ ಬಲೆ. ಇನ್‌ಫ್ರಾರೆಡ್ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ಉದ್ದ ಕೋಲಿಗೆ ಮೆತ್ತನೆಯ ಬ್ರಷ್ ಕಟ್ಟಿ ವಾರಕ್ಕೊಮ್ಮೆ ಗುಡಿಸಿ. ಹಿಟ್ ಹೊಡೆಯಬೇಡಿ, ಲೆನ್ಸ್ ಮೇಲೆ ಎಣ್ಣೆ ಪದರ ಕೂರುತ್ತದೆ. ಗುಡಿಸಿದರೂ ಮಬ್ಬು ಹೋಗದಿದ್ದರೆ ಕ್ಯಾಮರಾ ಪಕ್ಕದ ಬಿಳಿ ಗೋಡೆಯೋ ಸಜ್ಜಾದ ಅಂಚೋ ಚೌಕಟ್ಟಿನೊಳಗಿದೆ, ಎರಡು ಇಂಚು ತಿರುಗಿಸಿ.

ಹಗಲಲ್ಲಿ ಬಣ್ಣವೆಲ್ಲ ಗುಲಾಬಿ, ಎಲೆಗಳು ಬೆಳ್ಳಗೆ. ಹಗಲಲ್ಲಿ ಇನ್‌ಫ್ರಾರೆಡ್ ತಡೆಯುವ ಐಆರ್ ಕಟ್ ಫಿಲ್ಟರ್ ಸಿಕ್ಕಿಕೊಂಡಿದೆ. ಹಗಲು-ರಾತ್ರಿ ಮೋಡನ್ನು ಕೈಯಿಂದ ಹತ್ತು ಸಲ ಅದಲುಬದಲು ಮಾಡಿ. 'ಟಿಕ್' ಸದ್ದು ಬಂದು ಬಿಟ್ಟುಕೊಂಡರೆ ಸರಿ, ಇಲ್ಲದಿದ್ದರೆ ಕ್ಯಾಮರಾ ಬದಲಿಸಬೇಕು.

'ವೀಡಿಯೋ ಲಾಸ್'. ಆ ಕ್ಯಾಮರಾದ ಬಿಎನ್‌ಸಿಯನ್ನು ಡಿವಿಆರ್‌ನಲ್ಲಿ ಸರಿಯಿರುವ ಇನ್ನೊಂದು ಚಾನೆಲ್‌ಗೆ ಚುಚ್ಚಿ. ಅಲ್ಲಿ ಬಂದರೆ ಚಾನೆಲ್ ಸುಟ್ಟಿದೆ. ಬರದಿದ್ದರೆ ಕ್ಯಾಮರಾ ಬಿಚ್ಚಿ ತಂದು ಡಿವಿಆರ್ ಪಕ್ಕದಲ್ಲೇ ಗಿಡ್ಡ ಕೇಬಲ್‌ನಲ್ಲಿ ಹಾಕಿ. ಬಂದರೆ ತಪ್ಪು ಕೇಬಲ್ಲಿನದು, ಹತ್ತರಲ್ಲಿ ಬಹುಪಾಲು ಸಲ ತುದಿಯ ಬಿಎನ್‌ಸಿ. ಹೊಸ ಕ್ಯಾಮರಾ ಹಾಕಿದಾಗಲೇ ಕಪ್ಪುಬಿಳುಪು ಅಲೆ ಬಂದರೆ ಟಿವಿಐ, ಸಿವಿಐ, ಎಎಚ್‌ಡಿ ಎಂಬ ವೀಡಿಯೋ ಸಿಗ್ನಲ್ ಬಗೆಗಳ ಹೊಂದಾಣಿಕೆ ತಪ್ಪಿದೆ. ಕೇಬಲ್ ಮೇಲಿನ ಪುಟ್ಟ ಬಟನ್ ಅಥವಾ ಡಿವಿಆರ್ ಮೆನುವಿನಿಂದ ಬದಲಿಸಬಹುದು.

ಡಿವಿಆರ್ ಬೀಪ್ ಬೀಪ್ ಎನ್ನುತ್ತಿದೆ. ಸದ್ದು ಕಿರಿಕಿರಿ ಎಂದು ಬಝರ್ ಆಫ್ ಮಾಡಿ ಮರೆಯುವವರು ಇದ್ದಾರೆ; ತಿಂಗಳುಗಟ್ಟಲೆ ರೆಕಾರ್ಡೇ ಆಗಿರುವುದಿಲ್ಲ, ಲೈವ್ ಮಾತ್ರ ಚೆನ್ನಾಗಿ ಬರುತ್ತಿರುತ್ತದೆ. ಬಹಳ ಸಲ ಅದು ಡಿಸ್ಕಿನ ದೂರು. ಪವರ್ ತೆಗೆದು ಡಿಸ್ಕಿನ ಸಾಟಾ ಕೇಬಲ್ ಬಿಚ್ಚಿ ಮತ್ತೆ ಕೂರಿಸಿ. ಆಮೇಲೂ ಕಾಣದಿದ್ದರೆ ಡಿಸ್ಕ್ ಮುಗಿದಿದೆ. ಇದಕ್ಕಾಗಿಯೇ ತಿಂಗಳ ಮೊದಲ ದಿನ ಹಿಂದಿನ ವಾರದ ಯಾವುದಾದರೂ ರಾತ್ರಿಯನ್ನು ಪ್ಲೇ ಮಾಡಿ ನೋಡುವ ರೂಢಿ ಇಟ್ಟುಕೊಳ್ಳಿ.

ಕರೆಂಟ್ ಹೋಗಿ ಬಂದಾಗ ದಿನಾಂಕ ಹಳೇ ಇಸವಿಗೆ ಹೋಗುತ್ತದೆ. ಬೋರ್ಡಿನ ನಾಣ್ಯದಂಥ ಸೆಲ್ ಸತ್ತಿದೆ. ಬಹುತೇಕ ಡಿವಿಆರ್‌ಗಳಲ್ಲಿ ಅದು ಸಿಆರ್2032 ಅಥವಾ ಅದರ ಹತ್ತಿರದ ಅಳತೆಯದು. ಹಳೆಯದರ ಮೇಲಿನ ನಂಬರ್ ಓದಿ ಅದನ್ನೇ ತನ್ನಿ.

ಫೋನಿನಲ್ಲಿ 'ಆಫ್‌ಲೈನ್'. ಮನೆಯ ವೈಫೈಯಲ್ಲೇ ಇದ್ದು ನೋಡಿದರೂ ಹಾಗೇ ಇದ್ದರೆ ಡಿವಿಆರ್‌ನ ಲ್ಯಾನ್ ಕೇಬಲ್ ಅಥವಾ ಐಪಿ ವಿಳಾಸದ ತೊಂದರೆ: ರೌಟರೇ ವಿಳಾಸ ಕೊಡುವ ಡಿಎಚ್‌ಸಿಪಿ ಆನ್ ಮಾಡಿ, ಡಿಎನ್‌ಎಸ್ 8.8.8.8 ಕೊಡಿ. ಇಂಟರ್ನೆಟ್ ಕಂಪನಿ ಬದಲಿಸಿ ಹೊಸ ರೌಟರ್ ಬಂದ ಮೇಲೆ ಈ ದೂರು ಬಂದರೆ ಡಿವಿಆರ್‌ಗೆ ಹಳೇ ರೌಟರಿನ ವಿಳಾಸ ಸ್ಥಿರವಾಗಿ ಕೊಟ್ಟಿರುತ್ತಾರೆ.

ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಗೇಟಿನ ಕಂಬದಿಂದ ಬರುವ ಉದ್ದ ಕೇಬಲ್ ಮೂಲಕವೇ ಡಿವಿಆರ್ ಸುಡುತ್ತದೆ. ಗೋಡೆಯ ಪ್ಲಗ್ ತೆಗೆದರೆ ಸಾಲದು. ಸರಿಯಾದ ಅರ್ಥಿಂಗ್, ಪ್ರತಿ ಹೊರಾಂಗಣ ಕೇಬಲ್‌ಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಮೋಡ ಕವಿಯುವ ಮೊದಲೇ ಪ್ಲಗ್, ಬಿಎನ್‌ಸಿ, ಲ್ಯಾನ್ ಮೂರನ್ನೂ ಬಿಚ್ಚಿ. ಗುಡುಗು ಶುರುವಾದ ಮೇಲೆ ಮುಟ್ಟಬೇಡಿ.

ಪಕ್ಕದ ಮನೆ, ಪೊಲೀಸ್ ಠಾಣೆ

ಕ್ಯಾಮರಾ ನಿಮ್ಮ ಕಾಂಪೌಂಡ್ ನೋಡಬೇಕು, ಪಕ್ಕದವರ ಕಿಟಕಿಯನ್ನಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಓಣಿ ಕಿರಿದಾಗಿ ಅವರ ಮನೆ ಬಿಟ್ಟು ತೆಗೆಯಲಾಗದಿದ್ದರೆ 'ಪ್ರೈವಸಿ ಮಾಸ್ಕ್' ಹಾಕಿ ಆ ಭಾಗ ಕಪ್ಪು ಮಾಡಿ, ಅವರನ್ನು ಕರೆದು ಪರದೆ ತೋರಿಸಿ. ಮೇಲಿನ ಬಾಡಿಗೆಯವರಿಗೆ, ಮನೆಗೆಲಸದವರಿಗೆ ಕ್ಯಾಮರಾ ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಿ. ಮಲಗುವ ಕೋಣೆ, ಬಚ್ಚಲ ಕಡೆಯ ನಡೆಗೆ ಯಾವ ಕಾರಣಕ್ಕೂ ಬೇಡ.

ಕಳ್ಳತನವಾಗಿದ್ದರೆ 112ಕ್ಕೆ ಕರೆ ಮಾಡಿ, ಆಮೇಲೆ ಡಿವಿಆರ್‌ನತ್ತ ಹೋಗಿ. ಫೋನಿನಿಂದ ಪರದೆಯ ವೀಡಿಯೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು ಹುಡುಕಾಟಕ್ಕೆ ಸರಿ, ಕೋರ್ಟಿಗೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯ ಜೊತೆ ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಸಹಿತ ಪ್ರಮಾಣಪತ್ರ ಬೇಕಾಗುತ್ತದೆ. ಹೊಸ ಪೆನ್‌ಡ್ರೈವ್ ಹಾಕಿ, ಬ್ಯಾಕಪ್ ಮೆನುವಿನಿಂದ ಘಟನೆಗೆ ಅರ್ಧ ಗಂಟೆ ಮೊದಲಿನಿಂದ ಅರ್ಧ ಗಂಟೆ ನಂತರದವರೆಗೆ ನಾಲ್ಕೂ ಚಾನೆಲ್ ಇಳಿಸಿಕೊಳ್ಳಿ. ಡಿವಿಆರ್‌ನ ಸ್ವಂತ ಫಾರ್ಮ್ಯಾಟ್‌ನಲ್ಲಿ ಒಂದು ಪ್ರತಿ, ಎಂಪಿ4ರಲ್ಲಿ ಒಂದು ಪ್ರತಿ. ಪರದೆಯ ಗಡಿಯಾರಕ್ಕೂ ಫೋನಿನ ಗಡಿಯಾರಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಅಲ್ಲೇ ಬರೆದಿಡಿ. ಮೂಲ ಡಿಸ್ಕನ್ನೇ ಪೊಲೀಸರು ಕೇಳಬಹುದು. ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುವ ಮೊದಲು ಡಿವಿಆರ್ ಶಟ್‌ಡೌನ್ ಮಾಡಿ ಅದನ್ನು ತೆಗೆದಿಟ್ಟು, ಬೇರೊಂದು ಡಿಸ್ಕ್ ಹಾಕಿ ಅದೇ ರಾತ್ರಿಯಿಂದ ರೆಕಾರ್ಡಿಂಗ್ ಮುಂದುವರಿಸಿ.